ಆರ್ಲಿಸ್ ಚೆನ್ನಾಗಿರಲಿಲ್ಲ

ನಮ್ಮ ಊರು ನೋರ್ಬಿಯಲ್ಲಿ ನೆಗಡಿ, ಮಂಡಿನೋವು, ಹೆಚ್ಚೆಂದರೆ ಪಿತ್ತಕೋಶದ ಕಲ್ಲು, ಇಷ್ಟು ಕಾಯಿಲೆಗಳಿಗೆ ಮಾತ್ರ ಅನುಮತಿ ಇತ್ತು. ಮಿಕ್ಕವೆಲ್ಲ ಸೋಮಾರಿಗಳಿಗೆ, ಕ್ಯಾಥೊಲಿಕರಿಗೆ ಮತ್ತು ಮಿನಿಯಾಪೊಲಿಸ್ ಪಟ್ಟಣದವರಿಗೆ ಬರುವಂಥವು. ಯಾರನ್ನೇ ಹೇಗಿದ್ದೀರಿ ಎಂದು ಕೇಳಿದರೂ ಚೆನ್ನಾಗಿದ್ದೇನೆ ಎಂಬ ಉತ್ತರ ಬಾಗಿಲ ಹಿಂದೆಯೇ ಕಾಯುತ್ತ ನಿಂತಂತೆ ಹೊರಗೆ ಬರುತ್ತಿತ್ತು. ಮುದುಕ ನೆಲ್ಸ್ ಹೌಗೆನ್‌ನ ಕಾಲು ಟ್ರ್ಯಾಕ್ಟರಿನಡಿ ಸಿಕ್ಕಿ ನುಜ್ಜುಗುಜ್ಜಾದಾಗ, ಎತ್ತಲು ಬಂದವರಿಗೆ ಅವನು "ಪರವಾಗಿಲ್ಲ, ಇನ್ನೂ ಕೆಟ್ಟದಾಗ್ಬಹುದಿತ್ತು" ಎಂದನಂತೆ. ಈ ಮಾತನ್ನು ನಮ್ಮ ಜನ ವರ್ಷಗಟ್ಟಲೆ ಹೊಗಳಿದರು. ಕಾಲು ಹೋಯಿತಲ್ಲ ಎಂದು ಮರುಗಿದವರನ್ನು ನಾನು ಕಾಣೆ.

ಅಂಥ ಊರಿಗೆ ತಕ್ಕ ಹೆಣ್ಣು ನನ್ನ ತಮ್ಮ ಡುವೇನನ ಹೆಂಡತಿ ಆರ್ಲಿಸ್. ಕ್ಷಮಿಸಿ ಎನ್ನುವುದು ಅವಳಿಗೆ ಉಸಿರಾಟದಷ್ಟು ಸಹಜವಾಗಿತ್ತು. ಬೇರೆಯವರು ಅವಳ ಕಾಲು ತುಳಿದರೆ ಅವಳೇ ಕ್ಷಮೆ ಕೇಳುತ್ತಿದ್ದಳು. ಒಮ್ಮೆ ಕುರ್ಚಿಗೆ ಡಿಕ್ಕಿ ಹೊಡೆದು ಕುರ್ಚಿಗೂ ಕೇಳಿದ್ದನ್ನು ನಾನೇ ಕಂಡಿದ್ದೇನೆ. ನಾನು ಊರಿನ ಲೈಬ್ರರಿಯಲ್ಲಿ ಪುಸ್ತಕ ಕೊಡುವ ಇನೆಜ್, ಮದುವೆಯಾಗದವಳು. ಈ ಎರಡು ಕಾರಣಕ್ಕೆ ಊರು ನನ್ನನ್ನು ಮೊದಲೇ ಅರೆಹುಚ್ಚಿ ಎಂದು ತೀರ್ಮಾನಿಸಿಬಿಟ್ಟಿದ್ದರಿಂದ, ಬೇಕಾದ್ದನ್ನು ಹೇಳುವ ಸವಲತ್ತು ನನಗಿತ್ತು. ಆರ್ಲಿಸ್‌ಗೆ ಅದಿರಲಿಲ್ಲ.

ಅವಳ ಅಪ್ಪ ಬೆಣ್ಣೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು, ಸಾಧು. ಅಮ್ಮ ಗುಡ್ರೂನ್ ಸಾಧುವಲ್ಲ. ಆ ಮನೆಯಲ್ಲಿ ಸಿಟ್ಟು ಪಾಪ, ಅಳು ನಾಟಕ, ಸಂತೋಷ ಜಂಬ. ಇವು ಮೂರನ್ನೂ ಬಿಟ್ಟ ಮೇಲೆ ಮಗುವಿನ ಹತ್ತಿರ ಇನ್ನೇನು ಉಳಿಯುತ್ತದೆ? ಆರ್ಲಿಸ್ ಚಿಕ್ಕವಳಿದ್ದಾಗ ಒಂದು ದಿನ ಪಾದ್ರಿ ಮನೆಗೆ ಬಂದಿದ್ದರಂತೆ. ಒಲೆಯಿಂದ ಬನ್ನಿನ ತಟ್ಟೆ ತೆಗೆಯಲು ಹೋಗಿ ಹುಡುಗಿಯ ಅಂಗೈ ಸುಟ್ಟಿತು. ಗುಡ್ರೂನ್ ಅದಕ್ಕೆ ಒದ್ದೆ ಬಟ್ಟೆ ಸುತ್ತಿ, ಕಿವಿಯಲ್ಲಿ ಏನೋ ಹೇಳಿ, ಅವಳನ್ನು ಹೊರಕೋಣೆಯಲ್ಲಿ ಕೂರಿಸಿದಳು. ಹುಡುಗಿ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡು, ಪಾದ್ರಿ ಕೇಳಿದ ಬೈಬಲ್ಲಿನ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟು, ಅವರು ಎರಡನೇ ಲೋಟ ಕಾಫಿ ಮುಗಿಸಿ ಹೋಗುವವರೆಗೆ ನಗುತ್ತ ಕೂತಿದ್ದಳು. ಬಾಗಿಲು ಮುಚ್ಚಿದ ಮೇಲೆ ಅಮ್ಮ ಅವಳ ತಲೆ ಸವರಿ, "ಒಳ್ಳೇ ಹುಡುಗಿ ನೀನು. ಯಾರಿಗೂ ಗೊತ್ತಾಗ್ಲಿಲ್ಲ" ಎಂದಳು.

ಗುಡ್ರೂನ್ ಬದುಕಿನಲ್ಲಿ ಆ ಮಗಳನ್ನು ಹೊಗಳಿದ್ದು ಅದೊಂದೇ ಸಲ. ಆರ್ಲಿಸ್ ಈ ಕಥೆಯನ್ನು ನನಗೆ ಹೇಳಿದ್ದು ಅಂಗೈಯ ಕಲೆ ತೋರಿಸುತ್ತ, ಯುದ್ಧಕ್ಕೆ ಹೋಗಿ ಬಂದವರು ಪದಕ ತೋರಿಸುವ ಹಾಗೆ. ನನಗೆ ಆ ಇಬ್ಬರನ್ನೂ ಹಿಡಿದು ಅಲುಗಾಡಿಸಬೇಕೆನಿಸಿತು, ತಾಯಿಯನ್ನೂ, ಮಗಳನ್ನೂ.

ಆರ್ಲಿಸ್‌ಳ ಅಕ್ಕ ಮಾರ್ಡೆಲ್ ಬೇರೆ ಬಗೆಯವಳು, ಅಥವಾ ಹಾಗೆಂದು ಎಲ್ಲರೂ ನಂಬಿದ್ದೆವು. ಬಂಗಾರದ ಬಣ್ಣದ ಕೂದಲು, ಚರ್ಚಿನಲ್ಲಿ ಒಬ್ಬಳೇ ನಿಂತು ಹಾಡುವ ಕಂಠ, ಕಾರು ಮಾರುವ ಗಂಡ, ಇಟ್ಟಿಗೆಯ ಮನೆ. ಆರ್ಲಿಸ್‌ಗೆ ಹಾಲಿನ ಬದಲು ಮಾರ್ಡೆಲ್ ಹೆಸರನ್ನೇ ಕುಡಿಸಿ ಬೆಳೆಸಿದ್ದರು. "ಮಾರ್ಡೆಲ್ ನೋಡು, ಹೇಗೆ ನೆಟ್ಟಗೆ ಕೂತ್ಕೊಳ್ತಾಳೆ." "ಮಾರ್ಡೆಲ್ ಆಗಿದ್ರೆ ಹೀಗ್ ಮಾಡ್ತಿರ್ಲಿಲ್ಲ." ಮದುವೆಯಾಗಿ ಮಕ್ಕಳಾದ ಮೇಲೂ ಆರ್ಲಿಸ್ ಮೇಜಿಗೆ ಬಟ್ಟೆ ಹಾಸುವಾಗ ಮೊದಲು ಅಕ್ಕನ ಮನೆಯ ಮೇಜನ್ನು ನೆನೆಸಿಕೊಂಡು, ನೊಂದುಕೊಂಡು, ಆಮೇಲೆ ಹಾಸುತ್ತಿದ್ದಳು.

ಇನ್ನು ನನ್ನ ತಮ್ಮ. ಅವನನ್ನು ಎತ್ತಿ ಆಡಿಸಿದವಳು ನಾನೇ ಆದ್ದರಿಂದ ಬೈಯುವ ಹಕ್ಕೂ ನನಗಿದೆ. ಡುವೇನ್ ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ದನಿಯನ್ನೂ ಎತ್ತಿದವನಲ್ಲ. ಮುಖ ಊದಿಸಿಕೊಳ್ಳುತ್ತಿದ್ದ. ಅವನ ಪರವಾಗಿ ಬೀರುವಿನ ಬಾಗಿಲುಗಳು ಮಾತಾಡುತ್ತಿದ್ದವು. ಬೇರೆ ಹೆಂಗಸರು ಬೆಳಗ್ಗೆ ಎದ್ದು ಆಕಾಶ ನೋಡಿದರೆ ಆರ್ಲಿಸ್ ಗಂಡನ ಹುಬ್ಬು ನೋಡುತ್ತಿದ್ದಳು.

"ಏನಾಯ್ತು?"

"ಏನಿಲ್ಲ."

"ನಾನೇನಾದ್ರೂ ಮಾಡಿದ್ನಾ?"

"ಏನಿಲ್ಲ ಅಂದ್ನಲ್ಲ."

ಅಲ್ಲಿಗೆ ಅವಳ ದಿನ ಹಾಳು. ತಾನು ಏನು ಮಾಡಿರಬಹುದೆಂದು ನಿನ್ನೆಯಿಂದ ಹಿಂದಕ್ಕೆ ಒಂದೊಂದಾಗಿ ಹುಡುಕುತ್ತ ಪಾತ್ರೆ ತೊಳೆಯುವಳು. ಅರ್ಧಕ್ಕರ್ಧ ಸಲ ಆ ಪುಣ್ಯಾತ್ಮನಿಗೇ ತನ್ನ ಮುಖ ಯಾಕೆ ಊದಿದೆ ಎಂದು ಗೊತ್ತಿರುತ್ತಿರಲಿಲ್ಲ. ಹೊಟ್ಟೆಯ ವಾಯುವೋ, ಆಟದಲ್ಲಿ ತನ್ನ ತಂಡ ಸೋತದ್ದೋ ಇದ್ದೀತು. ಆದರೂ ಹೆಂಡತಿ ಸುತ್ತ ಸುಳಿದು ಸಮಾಧಾನ ಮಾಡುವಾಗ ಸಿಗುವ ಸುಖ ಯಾರಿಗೆ ಬೇಡ?

ಮನೆಯಿಂದ ತಪ್ಪಿಸಿಕೊಂಡರೆ ಚರ್ಚಿನ ನೆಲಮಾಳಿಗೆಯ ಅಡುಗೆಮನೆ. ಅಲ್ಲಿ ವರ್ನಾ ಸ್ಟ್ರಾಂಡ್‌ಳ ರಾಜ್ಯ. ವರ್ನಾ ಯಾರಿಗೂ ಅಪ್ಪಣೆ ಕೊಡುತ್ತಿರಲಿಲ್ಲ. ಅದರ ಅಗತ್ಯವೇ ಅವಳಿಗಿರಲಿಲ್ಲ. "ಆರ್ಲಿಸ್, ನಿಂಗೆ ತೊಂದ್ರೆ ಆಗಲ್ಲ ಅಂದ್ರೆ ಈ ಆಲೂಗೆಡ್ಡೆ... ಬೇಡ ಬಿಡು, ನಾನೇ ಸುಲೀತೀನಿ. ನನ್ನ ಸೊಂಟ ಹೇಗಿದ್ರೂ ಹೋಗಿದೆ" ಎನ್ನುವಳು. ಊರಿನಲ್ಲಿ ಯಾರೇ ಸತ್ತರೂ ಮಣ್ಣು ಮಾಡಿ ಬಂದವರ ಊಟಕ್ಕೆ ಆಲೂಗೆಡ್ಡೆ ಸುಲಿದವಳು ಆರ್ಲಿಸ್. ಅವಳಷ್ಟು ಸಾವುಗಳಿಗೆ ದುಡಿದವರು ಗೋರಿ ತೋಡುವವನನ್ನು ಬಿಟ್ಟರೆ ಬೇರೆ ಇರಲಿಲ್ಲ.

ಅಲ್ಲಿ ನಿಜವಾದ ಪರೀಕ್ಷೆ ಊಟ ಮುಗಿದ ಮೇಲೆ. ಮನೆಮನೆಯಿಂದ ಮಾಡಿ ತಂದ ಅಡುಗೆಯಲ್ಲಿ ಯಾರ ಪಾತ್ರೆ ಬರಿದಾಗಿದೆ, ಯಾರದು ಉಳಿದಿದೆ ಎಂದು ಹೆಂಗಸರೆಲ್ಲ ಓರೆಗಣ್ಣಿನಲ್ಲಿ ನೋಡಿಕೊಳ್ಳುವರು. ಬಾಯಿ ಮಾತ್ರ ಹವಾಮಾನದ ವಿಷಯ ಆಡುತ್ತಿರುತ್ತದೆ. ಒಂದು ಚಳಿಗಾಲ ಆರ್ಲಿಸ್ ತಂದಿದ್ದ ಟ್ಯೂನಾ ಮೀನು, ನೂಡಲ್ಸಿನ ಅಡುಗೆ ಅರ್ಧ ಉಳಿದುಬಿಟ್ಟಿತು. ಅವಳು ಯಾರ ಕಣ್ಣಿಗೂ ಬೀಳದಂತೆ ಪಾತ್ರೆಯನ್ನು ಕೋಟಿನೊಳಗೆ ಇಟ್ಟುಕೊಂಡು ಹೋಗಿ, ಚರ್ಚಿನ ಹಿಂದೆ ಹಿಮ ತೋಡಿ ಅದನ್ನು ಹೂತು, ಬರಿದಾದ ಪಾತ್ರೆ ಹಿಡಿದು ನಗುತ್ತ ಬಂದಳು. ಪಾದ್ರಿಯ ನಾಯಿ ಮಾರನೆಯ ದಿನ ಅದನ್ನು ಅಗೆದು ತೆಗೆಯಿತು. ನೂಡಲ್ಸಿನ ಮೇಲಿನ ಬ್ರೆಡ್ ಪುಡಿಯ ಗುರುತಿನಿಂದಲೇ ಅದು ಯಾರ ಅಡುಗೆ ಎಂದು ವರ್ನಾ ಪತ್ತೆ ಹಚ್ಚಿದಳು. ಯಾರೂ ಆರ್ಲಿಸ್‌ಗೆ ಏನೂ ಹೇಳಲಿಲ್ಲ. ಮುಂದಿನ ಭಾನುವಾರ ಎಲ್ಲರೂ ಅವಳಿಗೆ ಒಂದು ಗುಲಗಂಜಿ ಹೆಚ್ಚೇ ಮರ್ಯಾದೆ ತೋರಿಸಿದರು. ಅದು ನಮ್ಮೂರಿನ ಚಾಟಿ ಏಟು.

ಶನಿವಾರ ಸಂಜೆಯಾದರೆ ಅವಳ ಎದೆ ಬಿಗಿಯತೊಡಗಿದ್ದು ಆ ವರ್ಷವೇ. ಕೈ ಜೋಮು ಹಿಡಿಯುತ್ತಿತ್ತು, ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಭಾನುವಾರ ಮಧ್ಯಾಹ್ನ ಎಲ್ಲ ಮುಗಿದು ಮನೆಗೆ ಬಂದರೆ ಸರಿಯಾಗುತ್ತಿತ್ತು. ಹೃದಯವೇ ಕೈಕೊಟ್ಟಿತೆಂದು ಹೆದರಿ ಡಾಕ್ಟರ ಬಳಿ ಹೋದಳು. ಡಾಕ್ಟರು ಎದೆಗೆ ಯಂತ್ರ ಇಟ್ಟು ನೋಡಿ, "ನಿಮ್ಮ ಹೃದಯ ಕುದುರೆ ಹೃದಯ ಇದ್ದ ಹಾಗಿದೆ ಮಿಸೆಸ್ ಟ್ವೆಡ್ಟ್. ನರಗಳು ಸ್ವಲ್ಪ ವೀಕು, ಅಷ್ಟೇ" ಎಂದು ಮನಸ್ಸು ತಣಿಸುವ ಮಾತ್ರೆ ಬರೆದುಕೊಟ್ಟರು. ಶನಿವಾರವೇ ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲ, ಡಾಕ್ಟರ ಹೆಂಡತಿಯೂ ನಮ್ಮ ಚರ್ಚಿನವಳೇ.

ನೋರ್ಬಿಯ ಔಷಧದಂಗಡಿಯವನು ವರ್ನಾಳ ಚಿಕ್ಕಪ್ಪನ ಮಗ. ಅಲ್ಲಿ ಆ ಮಾತ್ರೆ ಕೊಂಡರೆ ಊರಿನ ರೇಡಿಯೋದಲ್ಲಿ ಹೇಳಿಸಿದ ಹಾಗೆ. ಅದಕ್ಕೇ ಆರ್ಲಿಸ್ ತಿಂಗಳಿಗೊಮ್ಮೆ ಬಯಲು ದಾಟಿ ಹ್ಯಾಡ್ಲಿ ಎಂಬ ಊರಿಗೆ ಹೋಗಿ ತರುತ್ತಿದ್ದಳು. ಆ ಜನವರಿಯಲ್ಲಿ ಚಳಿಗೆ ಅವಳ ಕಾರು ಸ್ಟಾರ್ಟ್ ಆಗಲಿಲ್ಲ. ನಿನ್ನ ಕಾರಿನಲ್ಲಿ ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದಳು.

"ಏನ್ ತರೋಕೆ?"

"ಕೈಗೆ ಹಚ್ಚೋ ಕ್ರೀಮು."

"ಅದಕ್ಕೆ ಹ್ಯಾಡ್ಲಿಗೆ ಹೋಗ್ಬೇಕಾ?"

"ಅಲ್ಲಿ ವಾಸನೆ ಚೆನ್ನಾಗಿರತ್ತೆ. ಕ್ಷಮಿಸು ಇನೆಜ್, ನಿಂಗೆ ಕಷ್ಟ ಆದ್ರೆ ಬೇಡ."

ನನಗೂ ಕಾಲಿನ ಆಣಿಗೆ ಹಚ್ಚುವ ಪಟ್ಟಿ ಬೇಕಿತ್ತು. ಹೊರಟೆವು.

ಹ್ಯಾಡ್ಲಿ ಸೇರುವಷ್ಟರಲ್ಲಿ ಗಾಳಿ ಎದ್ದಿತ್ತು. ಔಷಧದಂಗಡಿಯೊಳಗೆ ಹೋದರೆ ಟೂತ್‌ಬ್ರಶ್ಶುಗಳ ಮುಂದೆ ನಮ್ಮ ಪಾದ್ರಿಯ ಹೆಂಡತಿ ಲೆನೋರ್ ನಿಂತಿದ್ದಾಳೆ. ಬಿಸಿನೀರಿನ ರಬ್ಬರ್ ಚೀಲಗಳನ್ನು ಕಳ್ಳನನ್ನು ವಿಚಾರಿಸುವ ಹಾಗೆ ದಿಟ್ಟಿಸುತ್ತ ವರ್ನಾ ಸ್ಟ್ರಾಂಡ್ ನಿಂತಿದ್ದಾಳೆ. ನಾವು ನಮಸ್ಕಾರ ಮುಗಿಸುವುದರೊಳಗೆ ಬಾಗಿಲು ತೆರೆದು, ತುಪ್ಪಳದ ಕೋಟಿನ ತುಂಬ ಹಿಮ ಹೊತ್ತು ಮಾರ್ಡೆಲ್ ಬಂದಳು. ತಂಗಿಯನ್ನು ಕಂಡು ಹಿಂದಕ್ಕೆ ತಿರುಗಿದವಳು ಗಾಳಿಯನ್ನು ಕಂಡು ಮತ್ತೆ ಒಳಕ್ಕೆ ತಿರುಗಿದಳು. ಅವಳ ಹಿಂದೆಯೇ ಪೊಲೀಸಿನವನೊಬ್ಬ ತಲೆ ತೂರಿಸಿ, ರಸ್ತೆ ಮುಚ್ಚಿದೆ, ಹಿಮ ತಳ್ಳುವ ಗಾಡಿ ಬರುವವರೆಗೂ ಯಾರೂ ಅಲುಗಾಡಬೇಡಿ ಎಂದು ಹೇಳಿ ಹೋದ.

"ಎಂಥಾ ಹವಾ!" ಎಂದಳು ವರ್ನಾ.

"ಹೌದಪ್ಪ, ಎಂಥಾ ಹವಾ!" ಎಂದಳು ಲೆನೋರ್.

"ನಾನು ಕೈಗೆ ಹಚ್ಚೋ ಕ್ರೀಮಿಗೆ ಬಂದೆ" ಎಂದಳು ಮಾರ್ಡೆಲ್, ಯಾರೂ ಕೇಳದಿದ್ದರೂ.

"ನಾನೂ ಅದಕ್ಕೇ" ಎಂದಳು ಲೆನೋರ್. ವರ್ನಾ ತಲೆಯಾಡಿಸಿದಳು. ಅಂಗಡಿಯ ಕಪಾಟಿನಲ್ಲಿ ಇದ್ದದ್ದು ಎರಡು ಡಬ್ಬಿ ಕ್ರೀಮು.

ಅಂಗಡಿಯ ಮುದುಕ ಪೆಲ್ಟೋಲಗೆ ಕಿವಿ ಮಂದ. ಮಂದ ಕಿವಿಯವರು ಎಲ್ಲರಿಗೂ ಕಿವಿ ಮಂದ ಎಂದೇ ತಿಳಿದಿರುತ್ತಾರೆ. ಅವನು ಒಳಗಿನಿಂದ ಪೊಟ್ಟಣಗಳನ್ನು ತಂದು ಗಲ್ಲಾಪೆಟ್ಟಿಗೆಯ ಮೇಲಿಟ್ಟು, ಹೊಲದಾಚೆಯವರನ್ನು ಕೂಗುವ ದನಿಯಲ್ಲಿ ಕೂಗಿದ: "ಮಿಸೆಸ್ ಸ್ಟ್ರಾಂಡ್! ನಿಮ್ಮ ನರದ ಮಾತ್ರೆ!"

ವರ್ನಾ ಅಲುಗಲಿಲ್ಲ.

"ಮಿಸೆಸ್ ಸ್ಟ್ರಾಂಡ್, ಇಲ್ಲೇ ಇದೀರಲ್ಲ! ಎರಡು ತಿಂಗಳಿಗಾಗೋಷ್ಟು ಹಾಕಿದೀನಿ! ಪಾದ್ರಿಯಮ್ಮ, ನಿಮ್ಮದೂ ಅದೇ, ಜಾಸ್ತಿ ಪವರಿಂದು! ಮಿಸೆಸ್ ಟ್ವೆಡ್ಟ್! ಮತ್ತೆ ನೀವು ತುಪ್ಪಳದ ಕೋಟಿನವರು, ನಿಮ್ಮ ಹೆಸ್ರು ಏನೋ ಸುಳ್ಳು ಹೇಳಿದ್ರಿ ಹೋದ್ಸಲ, ಸ್ಮಿತ್ ಅಂತ! ಬನ್ನಿ, ನಿಮ್ಮದೂ ಇದೆ!"

ಆ ಗಳಿಗೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ನಾಲ್ವರು ಹೆಂಗಸರು, ಪ್ರತಿ ಭಾನುವಾರ ಒಬ್ಬರ ಮುಖ ಒಬ್ಬರು ನೋಡಿ ತಾನೊಬ್ಬಳೇ ಕೆಟ್ಟವಳು, ಉಳಿದವರೆಲ್ಲ ಸುಖಿಗಳು ಎಂದು ಬೆಂದುಕೊಂಡು, ಆ ಬೇಗೆ ತಣಿಸಲು ಒಂದೇ ಮಾತ್ರೆಯನ್ನು ಒಂದೇ ಅಂಗಡಿಯಿಂದ ತಂದು ಕದ್ದು ನುಂಗುತ್ತಿದ್ದವರು. ಇದಕ್ಕಿಂತ ಮೂರ್ಖತನ ಬೇರೆ ಎಲ್ಲಾದರೂ ಇದ್ದರೆ ತೋರಿಸಿ, ನಾನು ಹೋಗಿ ನೋಡಿ ಬರುತ್ತೇನೆ.

ಮೊದಲು ನಕ್ಕವಳು ಮಾರ್ಡೆಲ್. ನಗು ಹಾಗೇ ಅಳುವಾಯಿತು. ಅವಳು ಮೂಲೆಯ ಬೆಂಚಿನ ಮೇಲೆ ಕುಸಿದು, "ನೀನು ಯಾಕೆ ಆರ್ಲಿಸ್? ನಿಂಗೇನ್ ಕಮ್ಮಿ? ನೀನು ಕಲ್ಲು ಅಂತ ಅಂದ್ಕೊಂಡಿದ್ದೆ" ಎಂದಳು.

"ನಾನಾ? ಕಲ್ಲಾ?"

"ಅಮ್ಮ ದಿನಾ ಹೇಳೋಳು. 'ಆರ್ಲಿಸ್ ನೋಡು, ಕೈ ಸುಟ್ರೂ ಅಳಲಿಲ್ಲ. ನೀನು ಬೆರಳಿಗೆ ಮುಳ್ಳು ಚುಚ್ಚಿದ್ರೆ ಊರೆಲ್ಲ ಕೂಗ್ತೀಯ.' ಹಾಡೋಕೆ ನಿಂತ್ರೆ ಹೊಟ್ಟೆಲಿ ಬೆಂಕಿ ಬೀಳತ್ತೆ ನಂಗೆ. ಆರ್ಲಿಸ್ ಆಗಿದ್ರೆ ಹೆದರ್ತಿರ್ಲಿಲ್ಲ ಅಂತ ಅಂದ್ಕೊಂಡೇ ಹಾಡಿದೀನಿ ಇಷ್ಟು ವರ್ಷ."

ಆ ಮಹಾತಾಯಿ ಗುಡ್ರೂನ್ ಒಬ್ಬ ಮಗಳನ್ನು ಕೋಲು ಮಾಡಿಕೊಂಡು ಇನ್ನೊಬ್ಬಳನ್ನು ಹೊಡೆದಿದ್ದಳು, ಕೈ ಬದಲಾಯಿಸಿ ಮತ್ತೆ ಹೊಡೆದಿದ್ದಳು. ಇಬ್ಬರೂ ಬಾಸುಂಡೆ ಮುಚ್ಚಿಕೊಂಡು ಮುದುಕಿಯರಾಗುತ್ತಿದ್ದರು.

ಆಮೇಲೆ ಕಟ್ಟೆಯೊಡೆಯಿತು. ಪೆಲ್ಟೋಲ ಸ್ಟೌವ್ ಮೇಲೆ ಕಾಫಿ ಇಟ್ಟ. ಭಾನುವಾರ ಜನ ಬರುವ ಮೊದಲು ಚರ್ಚಿನ ನೆಲಮಾಳಿಗೆಯಲ್ಲಿ ತಾನು ವಾಂತಿ ಮಾಡಿಕೊಳ್ಳುತ್ತೇನೆಂದು ವರ್ನಾ ಹೇಳಿದಳು. "ಊಟ ಸಾಲದೇ ಹೋದ್ರೆ? ಕಾಫಿ ನೀರಾಗಿದ್ರೆ? ನಮ್ಮತ್ತೆ ಆ ಅಡುಗೆಮನೆ ನೋಡ್ಕೊಳ್ತಿದ್ಲು. ಅವ್ಳು ಸತ್ತು ಎಷ್ಟು ಕಾಲ ಆಯ್ತು. ಇನ್ನೂ ನನ್ನ ಬೆನ್ನ ಹಿಂದೆ ನಿಂತಿರ್ತಾಳೆ."

ಲೆನೋರ್ ಲೋಟ ತಿರುಗಿಸುತ್ತ, "ನಾನು ಧಾನ್ಯದ ಗೋದಾಮಿನ ಹಿಂದೆ ಕಾರು ನಿಲ್ಲಿಸ್ತೀನಿ. ಗಾಜೆಲ್ಲ ಏರಿಸ್ಕೊಂಡು ಕಿರುಚ್ತೀನಿ. ಆಮೇಲೆ ಲಿಪ್‌ಸ್ಟಿಕ್ ಸರಿ ಮಾಡ್ಕೊಂಡು ರೋಗಿಗಳನ್ನ ನೋಡೋಕೆ ಹೋಗ್ತೀನಿ" ಎಂದಳು.

"ನಿಂದೇನು ಇನೆಜ್?" ಎಂದು ವರ್ನಾ ನನ್ನ ಕಡೆ ತಿರುಗಿದಳು.

"ಕಾಲಾಣಿ."

"ಹೋಗ್ಲಿ ಬಿಡು ಪಾಪ" ಎಂದು ನನ್ನ ಕೈ ತಟ್ಟಿದಳು. "ಹೇಳೋಕಾಗ್ದಿದ್ರೆ ಬಲವಂತ ಇಲ್ಲ."

ಸಂಜೆಗೆ ಹಿಮದ ಗಾಡಿ ಬಂದು ದಾರಿ ಬಿಡಿಸಿತು. ಅದರ ಹಿಂದೆ ನಾಲ್ಕು ಕಾರುಗಳು ಸಾಲಾಗಿ ನೋರ್ಬಿಯ ಕಡೆ ಹೊರಟವು. ದಾರಿಯಲ್ಲಿ ಆರ್ಲಿಸ್ ಹೇಳಿದಳು: "ಇದು ನನ್ನ ಎದೇಲಿ ಹುಟ್ಟಿದ ನೋವಲ್ಲ ಇನೆಜ್. ನಾವೆಲ್ಲ ಸೇರಿ ಮಾಡಿದ್ದು. ನಾನು ವರ್ನಾಗೆ ಹೆದರ್ತೀನಿ, ವರ್ನಾ ನಂಗೆ ಹೆದರ್ತಾಳೆ. ಹೆದರ್ಕೊಂಡವರು ನಗ್ತೀವಿ. ಆ ನಗು ನೋಡಿ ಇನ್ನೊಬ್ಬರು ಹೆದರ್ತಾರೆ. ಇನ್ಮೇಲೆ ಹೀಗಿರಲ್ಲ ಅಲ್ವಾ?"

ನಾನು ರಸ್ತೆಯ ಮೇಲೆ ಕಣ್ಣಿಟ್ಟು ಕಾರು ಓಡಿಸಿದೆ. ನಮ್ಮ ಜನ ನನಗೆ ಗೊತ್ತಿದ್ದರು.

ಭಾನುವಾರ ಬಂತು. ಪ್ರಾರ್ಥನೆ ಮುಗಿಸಿ ಕೆಳಗೆ ಕಾಫಿಗೆ ಇಳಿದೆವು. ವರ್ನಾಳ ತಲೆಯಲ್ಲಿ ಒಂದು ಕೂದಲೂ ಆಚೀಚೆ ಆಗಿರಲಿಲ್ಲ. "ಮೊನ್ನೆ ಹ್ಯಾಡ್ಲಿಲಿ ಸಿಕ್ಕಾಕ್ಕೊಂಡ್ವಿ ನೋಡಿ, ಎಷ್ಟು ಮಜಾ ಇತ್ತು! ಎಲ್ಲಾ ಕ್ರೀಮ್ ತರೋಕೆ ಹೋಗಿದ್ವಿ!" ಎಂದು ಸುತ್ತಲಿನವರಿಗೆ ಹೇಳಿ ನಗುತ್ತಿದ್ದಳು. ಲೆನೋರ್ ಆ ಮೊದಲೇ ಒಬ್ಬೊಬ್ಬರನ್ನೂ ಪಕ್ಕಕ್ಕೆ ಕರೆದು, ಅಲ್ಲಿ ಆಡಿದ್ದು ಅಲ್ಲಿಗೇ ಇರಲಿ, ಪಾದ್ರಿಯವರ ಕೆಲಸದ ಪ್ರಶ್ನೆ ಎಂದು ಪಿಸುಗುಟ್ಟಿದ್ದಳು. ಮಾರ್ಡೆಲ್ ಆ ದಿನ ಎಂದಿಗಿಂತ ಎತ್ತರದ ಶ್ರುತಿಯಲ್ಲಿ ಹಾಡಿದ್ದಳು. ಆಗ ಡಾಕ್ಟರ ಹೆಂಡತಿ ಎಲ್ಲರನ್ನೂ ಕೇಳುವಂತೆ ಆರ್ಲಿಸ್‌ಳನ್ನೂ ಕೇಳಿದಳು: "ಹೇಗಿದೀಯ ಆರ್ಲಿಸ್?"

"ಚೆನ್ನಾಗಿಲ್ಲ" ಎಂದಳು ಆರ್ಲಿಸ್.

ಅವಳು ಅದನ್ನು ಜೋರಾಗಿ ಹೇಳಲಿಲ್ಲ. ಆದರೂ ಸಕ್ಕರೆ ಕಲಕುತ್ತಿದ್ದ ಚಮಚಗಳು ನಿಂತವು.

"ಏನಂದೆ?"

"ಚೆನ್ನಾಗಿಲ್ಲ ಅಂದೆ. ಶನಿವಾರ ಬಂದ್ರೆ ಎದೆ ಹಿಡ್ಕೊಳ್ಳತ್ತೆ. ಮಾತ್ರೆ ನುಂಗ್ತಿದೀನಿ. ನಿಮ್ಮನ್ನೆಲ್ಲ ನೋಡಿದ್ರೆ ಹೆದರಿಕೆ ಆಗತ್ತೆ ನಂಗೆ." ಬೇರೆ ಯಾರ ಹೆಸರನ್ನೂ ಅವಳು ಎತ್ತಲಿಲ್ಲ. ಮೂವರು ಹೆಂಗಸರು ಮಾತ್ರ ಅವಳು ಎತ್ತಿಯೇಬಿಟ್ಟಳೆಂಬಂತೆ ಕೆಂಪಾದರು.

ಬೈದಿದ್ದರೆ ವಾಸಿಯಿತ್ತು. ವರ್ನಾ ಮೆಲ್ಲಗೆ ಹತ್ತಿರ ಬಂದು, ಆರ್ಲಿಸ್‌ಳ ಕೈಯಿಂದ ಒರೆಸುವ ಬಟ್ಟೆ ತೆಗೆದುಕೊಂಡು, "ನಿಂಗೆ ವಿಶ್ರಾಂತಿ ಬೇಕಮ್ಮ. ಸ್ವಲ್ಪ ದಿನ ಅಡುಗೆಮನೆ ಕೆಲಸ ಬೇಡ. ನಾವು ನೋಡ್ಕೊಳ್ತೀವಿ" ಎಂದಳು. ಆ ವಾರ ಸತ್ತವರ ಊಟಕ್ಕೆ ಬೇರೆಯವರನ್ನು ಕರೆದರು. ಮುಂದಿನ ಸಲವೂ ಕರೆದರು. ಬೀದಿಯಲ್ಲಿ ಎದುರಾದರೆ ರೋಗಿಯನ್ನು ನೋಡುವ ಹಾಗೆ ತಲೆ ಓರೆ ಮಾಡಿ ನೋಡಿದರು. ಚರ್ಚಿನಲ್ಲಿ ಪಾದ್ರಿ ಕೃತಜ್ಞತೆಯ ಮೇಲೆ ಪ್ರವಚನ ಕೊಟ್ಟರು, ಎರಡು ಸಲ.

ಆರ್ಲಿಸ್ ಮೊದಲು ಅತ್ತಳು. ನನ್ನ ಅಡುಗೆಮನೆಯಲ್ಲಿ ಕೂತು ಮೂಗು ಒರೆಸಿಕೊಳ್ಳುತ್ತ, "ನನ್ನನ್ನ ಎಸೆದ್ಬಿಟ್ರು ಇನೆಜ್" ಎಂದಳು.

"ಏನು ಎಸೆದ್ರು? ಆಲೂಗೆಡ್ಡೆ ಸುಲಿಯೋ ಚಾಕು ಕಿತ್ಕೊಂಡ್ರು ಅಷ್ಟೇ ತಾನೆ?"

ಅವಳು ಅಳು ನಿಲ್ಲಿಸಿ ನನ್ನನ್ನೇ ನೋಡಿದಳು. ಇಷ್ಟು ಕಾಲ ಯಾವುದು ಆದೀತೆಂದು ಎದೆ ಹಿಡಿದುಕೊಂಡಿದ್ದಳೋ ಅದು ಆಗಿಹೋಗಿತ್ತು. ಆದದ್ದಾದರೂ ಏನು? ಶನಿವಾರ ಬಿಡುವಾಯಿತು.

ಮನೆಯಲ್ಲಿ ಡುವೇನ್ ಮುಖ ಊದಿಸಿಕೊಂಡ, ಈ ಸಲ ಕಾರಣ ಗೊತ್ತಿದ್ದು. ಹೆಂಡತಿ ಊರ ಮುಂದೆ ಮಾನ ಕಳೆದಳಂತೆ. ಬೀರುವಿನ ಬಾಗಿಲುಗಳು ಪಿರಂಗಿಯ ಹಾಗೆ ಹಾರಿದವು. ಆರ್ಲಿಸ್ ಏನಾಯ್ತು ಎಂದು ಕೇಳಲಿಲ್ಲ. ಊಟ ಬಡಿಸಿ, ತಾನೂ ಉಂಡು, ರೇಡಿಯೋ ಹಾಕಿಕೊಂಡು ಹೊಲಿಗೆಗೆ ಕೂತಳು. ಅವನು ಲೋಟ ಕುಕ್ಕಿದ. ಅವಳು ರೇಡಿಯೋದ ದನಿ ಸ್ವಲ್ಪ ಏರಿಸಿದಳು. ನೋಡುವವರೇ ಇಲ್ಲದ ನಾಟಕವನ್ನು ನನ್ನ ತಮ್ಮ ಚಳಿಗಾಲ ಕಳೆಯುವವರೆಗೂ ಎಳೆದು, ಕೊನೆಗೆ ಒಂದು ಬೆಳಗ್ಗೆ ನನ್ನ ಲೈಬ್ರರಿಗೆ ಬಂದು ನಿಂತ.

"ಅವಳು ಕೇಳೋದೇ ಬಿಟ್ಟಿದಾಳೆ ಅಕ್ಕ."

"ಏನ್ ಕೇಳೋದು?"

"ನಂಗೇನಾಗಿದೆ ಅಂತ."

"ಏನಾಗಿದೆ ನಿಂಗೆ?"

ತುಂಬ ಯೋಚನೆ ಮಾಡಿದ. "ಗೊತ್ತಿಲ್ಲ" ಎಂದ. ಐವತ್ತರ ಹತ್ತಿರ ಬಂದ ಗಂಡಸು, ಟೋಪಿ ಕೈಯಲ್ಲಿ ಹಿಡಿದು. ಹೋಗಿ ಅದನ್ನೇ ಅವಳಿಗೆ ಹೇಳು ಎಂದು ಕಳಿಸಿದೆ. ಹೇಳಿದನಂತೆ. ಅಷ್ಟರಿಂದ ಅವನೇನೂ ಚಿನ್ನವಾಗಲಿಲ್ಲ. ಬೀರುವಿನ ಬಾಗಿಲುಗಳಿಗೆ ಮಾತ್ರ ಆಯುಷ್ಯ ಹೆಚ್ಚಿತು.

ಮಾರ್ಡೆಲ್ ತಂಗಿಯ ಜೊತೆ ಮಾತು ಬಿಟ್ಟಳು. ಬೀದಿಯಲ್ಲಿ ಕಂಡರೆ ದಾಟಿಕೊಂಡು ಹೋಗುತ್ತಿದ್ದಳು. ಹೀಗೇ ಕೆಲವು ವರ್ಷ. ಆಮೇಲೊಂದು ದಿನ ಫಾರ್ಗೋ ಪಟ್ಟಣದ ದೊಡ್ಡ ಅಂಗಡಿಯಲ್ಲಿ ಎರಡು ದೀಪದ ಬುಡ್ಡಿಗಳ ನಡುವೆ ಯಾವುದನ್ನು ಕೊಳ್ಳಬೇಕೆಂದು ತೀರ್ಮಾನಿಸಲಾಗದೆ ನೆಲದ ಮೇಲೆ ಕೂತುಬಿಟ್ಟಳು. ಎಬ್ಬಿಸಿದರೂ ಏಳಲಿಲ್ಲ. ಅಲ್ಲಿಂದ ಅವಳನ್ನು ಮನೋರೋಗದ ಆಸ್ಪತ್ರೆಗೆ ಸೇರಿಸಿದರು. ಅರಿಜೋನಾದಲ್ಲಿ ಗೆಳತಿಯ ಮನೆಗೆ ಹೋಗಿದ್ದಾಳೆ ಎಂದು ಅವಳ ಗಂಡ ಊರಿಗೆ ಹೇಳಿದ. ಊರು ನಂಬಿದ ಹಾಗೆ ಮಾಡಿತು. ನಂಬಿದ ಹಾಗೆ ಮಾಡುವುದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ.

ಗುಡ್ರೂನ್ ಆರ್ಲಿಸ್‌ಗೆ ಫೋನು ಮಾಡಿ, "ಯಾರಿಗೂ ಹೇಳ್ಬೇಡ" ಎಂದಳು.

"ನಾನಾಗಿ ಹೇಳಲ್ಲ ಅಮ್ಮ. ಯಾರಾದ್ರೂ ಕೇಳಿದ್ರೆ ಸುಳ್ಳೂ ಹೇಳಲ್ಲ" ಎಂದು ಆರ್ಲಿಸ್ ಫೋನಿಟ್ಟಳು.

ಪ್ರತಿ ಭಾನುವಾರ ಚರ್ಚಿಗೆ ಹೋಗುವುದನ್ನು ಬಿಟ್ಟು ಅವಳು ಫಾರ್ಗೋಗೆ ಹೋದಳು. ಮೊದಮೊದಲು ಮಾರ್ಡೆಲ್ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಆರ್ಲಿಸ್ ಪಕ್ಕದಲ್ಲಿ ಕೂತು ಹೆಣೆಯುತ್ತಿದ್ದಳು. ಒಂದು ವಾರ ಮಾರ್ಡೆಲ್ ಕತ್ತು ಮಾತ್ರ ತಿರುಗಿಸಿ, "ನೀನು ಹೆಣೀತಿರೋದು ಏನದು, ಅಷ್ಟು ಕೆಟ್ಟದಾಗಿದೆ" ಎಂದಳು.

"ನಿಂಗೇ ಸ್ವೆಟರ್."

"ನಾನು ಹಾಕ್ಕೊಳಲ್ಲ."

"ಹಾಕ್ಕೋಬೇಡ ಹೋಗು. ಮೂರು ವರ್ಷ ಬೀದಿ ದಾಟ್ಕೊಂಡು ಹೋದೋಳಿಗೆ ಇಷ್ಟೇ ಹೆಣೆಯೋದು ನಾನು."

ಅವರ ಬದುಕಿನ ಮೊದಲ ಜಗಳ ಅದು. ನರ್ಸು ಓಡಿಬಂದಳಂತೆ. ಆಗ ಆರಂಭವಾದ ಜಗಳ ಮಾರ್ಡೆಲ್ ಊರಿಗೆ ಬಂದ ಮೇಲೂ ನಿಲ್ಲಲಿಲ್ಲ. ದಿನಸಿ ಅಂಗಡಿಯಲ್ಲಿ ಎಲ್ಲರ ಮುಂದೆ ಇಬ್ಬರೂ ದನಿ ಎತ್ತಿ ಕಿತ್ತಾಡಿ, ಆಮೇಲೆ ಒಂದೇ ಕಾರಿನಲ್ಲಿ ಮನೆಗೆ ಹೋಗುವರು. ಊರಿಗೆ ಇದು ಆರ್ಲಿಸ್‌ಳ ಮಾತ್ರೆಗಿಂತ ದೊಡ್ಡ ಹಗರಣ.

ಆ ಚಳಿಗಾಲ ಜಿಲ್ಲೆಯ ಆರೋಗ್ಯ ಇಲಾಖೆಯ ನರ್ಸೊಬ್ಬಳು ಮನಸ್ಸಿಗೆ ಕಷ್ಟ ಇದ್ದವರು ವಾರಕ್ಕೊಮ್ಮೆ ಕೂತು ಮಾತಾಡುವ ಏರ್ಪಾಡು ಮಾಡಬೇಕೆಂದು ಬಂದಳು. ಪಾದ್ರಿ ಚರ್ಚಿನಲ್ಲಿ ಜಾಗ ಇಲ್ಲವೆಂದರು. ಊರಿನ ಅರ್ಧ ಜನ ಹಿಡಿಸುವ ಕಟ್ಟಡ ಅದು. ನಾನು ಲೈಬ್ರರಿಯ ಹಿಂದಿನ ಕೋಣೆ ಕೊಟ್ಟೆ. ಗುರುವಾರ ಮಧ್ಯಾಹ್ನ ಆರ್ಲಿಸ್ ಕಾಫಿ ಮಾಡಿಕೊಂಡು ಬಂದು ಕೂರುತ್ತಿದ್ದಳು. ಯಾರೂ ಬರಲಿಲ್ಲ. ಮತ್ತಿನ ವಾರವೂ ಇಲ್ಲ. ನರ್ಸು ಬೇಸತ್ತು ಬರುವುದನ್ನೇ ಬಿಟ್ಟಳು. ಆರ್ಲಿಸ್ ಬಿಡಲಿಲ್ಲ.

ಕೊನೆಗೆ ಬಂದವನು ಹೆಂಗಸೇ ಅಲ್ಲ, ವರ್ನಾಳ ಗಂಡ ಆರ್ವಿಲ್ ಸ್ಟ್ರಾಂಡ್. ಪುಸ್ತಕ ಹಿಂದಿರುಗಿಸಲು ಬಂದೆ ಎಂದ. ಆ ಮನುಷ್ಯ ನನ್ನ ಕಾಲದಲ್ಲಿ ಒಂದು ಪುಸ್ತಕವನ್ನೂ ಎರವಲು ಒಯ್ದಿರಲಿಲ್ಲ. ಹಿಂದಿನ ಕೋಣೆಗೆ ಹೋಗಿ ಕೂತು, ಕಾಫಿ ಕುಡಿದು, ತಟ್ಟೆಯಲ್ಲಿದ್ದ ಬಿಸ್ಕತ್ತೆಲ್ಲ ತಿಂದು ಎದ್ದುಹೋದ. ಎಷ್ಟೋ ಗುರುವಾರ ಹೀಗೇ ಮಾಡಿದ. ಆಮೇಲೊಂದು ದಿನ ಕಿಟಕಿಯ ಕಡೆ ನೋಡುತ್ತ ಹೇಳಿದನಂತೆ: ಹುಡುಗನಾಗಿದ್ದಾಗ ಕೆರೆಯ ಮಂಜುಗಡ್ಡೆ ಒಡೆದು, ಅವನ ಪುಟ್ಟ ತಮ್ಮ ಕಣ್ಣೆದುರೇ ಮುಳುಗಿದ. ಅಮ್ಮನಿಗೆ ಸಂಕಟವಾಗುತ್ತದೆ, ಅವನ ಹೆಸರೆತ್ತಬೇಡ ಎಂದು ಅಪ್ಪ ಹೇಳಿದ. ಆರ್ವಿಲ್ ಮಾರನೆಯ ಬೆಳಗ್ಗೆ ಎಂದಿನಂತೆ ಹಾಲು ಕರೆದ. ಆ ಹೆಸರನ್ನು ಅಲ್ಲಿಂದೀಚೆಗೆ ಯಾರ ಮುಂದೆಯೂ ಎತ್ತಿಲ್ಲ.

"ಹೆಸ್ರೇನು?" ಎಂದು ಆರ್ಲಿಸ್ ಕೇಳಿದಳಂತೆ.

"ಲೈಲ್" ಎಂದು ಹೇಳಿ ಟೋಪಿಯಿಂದ ಮುಖ ಮುಚ್ಚಿಕೊಂಡನಂತೆ.

ಎರಡು ದಿನ ಬಿಟ್ಟು ವರ್ನಾ ಆರ್ಲಿಸ್‌ಗೆ ಫೋನು ಮಾಡಿದಳು. ನಾನು ಅಲ್ಲೇ ಇದ್ದೆ. ವರ್ನಾಳ ದನಿ ಕೋಣೆಯ ಆ ಕಡೆಗೂ ಕೇಳುತ್ತದೆ.

"ಆರ್ವಿಲ್ ಅಲ್ಲಿಗೆ ಬಂದು ಏನ್ ಹೇಳ್ತಾರೆ?"

"ಅವರನ್ನೇ ಕೇಳಿ ವರ್ನಾ."

"ಹೇಗ್ ಕೇಳ್ಲಿ? ಮದುವೆ ಆದಾಗ್ಲಿಂದ ಕೇಳಿಲ್ಲ."

"ಹಾಗಾದ್ರೆ ಗುರುವಾರ ಬನ್ನಿ. ಏನೂ ತರ್ಬೇಡಿ."

ವರ್ನಾ ಕೇಕು ತಂದಳು. ತರದೆ ಬರುವುದು ಅವಳ ಕೈಲಾಗುವ ಮಾತೇ? ತಂದವಳು ಹಿಂದಿನ ಕೋಣೆಗೆ ಹೋಗದೆ ಮಕ್ಕಳ ಪುಸ್ತಕಗಳ ಮುಂದೆ ನಿಂತು, ಬಾತುಕೋಳಿಯ ಚಿತ್ರಗಳಿದ್ದ ಪುಸ್ತಕವನ್ನು ಬಹಳ ಹೊತ್ತು ಓದಿದಳು. ನಾನು ಮಾತಾಡಿಸಲಿಲ್ಲ. ಕೊನೆಗೆ ಆರ್ವಿಲ್ಲೇ ಎದ್ದು ಬಂದು, ಅವಳ ಕೈಯಿಂದ ಕೇಕಿನ ತಟ್ಟೆ ಇಸಿದುಕೊಂಡು ಒಳಗೆ ಹೋದ. ಅವಳು ಅವನ ಹಿಂದೆ ಹೋಗಿ, ಕುರ್ಚಿಯ ತುದಿಯಲ್ಲಿ ಕೂತಳು. ಕೋಟು ಮಾತ್ರ ಬಿಚ್ಚಲಿಲ್ಲ.